ಗ್ರಾಫಿಕ್ ಡಿಸೈನರ್ ಕೋಡಿಂಗ್ ಕಲಿಯಬೇಕೇ? ಕಲಿತರೆ ಎಲ್ಲಿಯವರೆಗೆ?

ಪ್ರಶ್ನೆ: ಎಂಟು ವರ್ಷಗಳಿಂದ ದಾವಣಗೆರೆಯಲ್ಲಿ ಡಿಟಿಪಿ ಮತ್ತು ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಮದುವೆ ಪತ್ರಿಕೆ, ಬ್ರೋಷರ್, ಫ್ಲೆಕ್ಸ್, ಜಾಹೀರಾತು ಎಲ್ಲವನ್ನೂ ಕೋರೆಲ್‌ಡ್ರಾ ಮತ್ತು ಫೋಟೋಶಾಪ್‌ನಲ್ಲಿ ಮಾಡುತ್ತೇನೆ. ಈಗ ಗಿರಾಕಿಗಳು ವೆಬ್‌ಸೈಟನ್ನೂ ನೀವೇ ಮಾಡಿಕೊಡಿ ಅನ್ನುತ್ತಾರೆ. ಒಂದು ಕನ್ನಡ ಪುಟವನ್ನು ಫಿಗ್ಮಾ ಎಂಬ ಡಿಸೈನ್ ತಂತ್ರಾಂಶದಲ್ಲಿ ಮಾಡಿ ಡೆವಲಪರ್ ಕೈಗೆ ಕೊಟ್ಟೆ. ಅವರು ಕಟ್ಟಿದ ಮೇಲೆ ನೋಡಿದರೆ ಫಾಂಟೇ ಬೇರೆ, ಬಟನ್ ಒಳಗೆ ಒತ್ತಕ್ಷರ ಅರ್ಧ ಕತ್ತರಿಸಿಹೋಗಿದೆ. ವೆಬ್‌ಸೈಟಿನ ಹೊರನೋಟದಿಂದ ಡೇಟಾಬೇಸ್ ತನಕ ಎಲ್ಲ ಕಲಿಸುವ ಫುಲ್‌ಸ್ಟ್ಯಾಕ್ ಕೋರ್ಸ್ ಸೇರು ಎಂದು ಕೆಲವರು, ಎಐ ಇರುವಾಗ ಕೋಡಿಂಗ್ ಯಾಕೆ ಎಂದು ಇನ್ನು ಕೆಲವರು. ನಾನು ಏನು ಮಾಡಲಿ?

ಉತ್ತರ: ಕಲಿಯಿರಿ. ಆದರೆ ಪುಟದ ರಚನೆ ಹೇಳುವ ಎಚ್‌ಟಿಎಂಎಲ್ ಮತ್ತು ಅದರ ರೂಪ ಹೇಳುವ ಸಿಎಸ್‌ಎಸ್ ಎರಡನ್ನು ಮಾತ್ರ ಕಲಿಯಿರಿ, ಅವನ್ನು ಗಟ್ಟಿಯಾಗಿ ಕಲಿಯಿರಿ. ಫುಲ್‌ಸ್ಟ್ಯಾಕ್ ಕೋರ್ಸ್ ಸದ್ಯಕ್ಕೆ ಬೇಡ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಮೂರು ತಿಂಗಳಲ್ಲಿ ನಿಮಗೆ ಬೇಕಾದಷ್ಟು ಕೈಗೆ ಬರುತ್ತದೆ.

ಪ್ರೆಸ್ಸಿನ ಕೆಲಸವನ್ನೇ ನೆನೆಸಿಕೊಳ್ಳಿ. ಆಫ್‌ಸೆಟ್ ಯಂತ್ರ ಓಡಿಸಲು ನಿಮಗೆ ಬರಬೇಕಿಲ್ಲ. ಆದರೂ ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ, ಬಿಡದಿದ್ದರೆ ಕಟಿಂಗ್‌ನಲ್ಲಿ ಅಂಚಿಗೆ ಬಿಳಿ ಗೆರೆ ಬರುತ್ತದೆ ಎಂದು ಗೊತ್ತು. ಸಣ್ಣ ಅಕ್ಷರವನ್ನು ನಾಲ್ಕೂ ಬಣ್ಣ ಬೆರೆಸಿದ ಕಪ್ಪಿನಲ್ಲಿ ಇಟ್ಟರೆ ರಿಜಿಸ್ಟ್ರೇಶನ್ (ಬಣ್ಣಗಳ ಒಂದರ ಮೇಲೊಂದು ಹೊಂದಾಣಿಕೆ) ಕೂದಲೆಳೆ ಸರಿದರೂ ಅಂಚು ಮಸುಕಾಗುತ್ತದೆ ಎಂದು ಗೊತ್ತು. ತೆಳು ಹಾಳೆಯಲ್ಲಿ ಹಿಂದಿನ ಪುಟ ಎದ್ದು ಕಾಣುತ್ತದೆ ಎಂದು ಗೊತ್ತು. ಇಷ್ಟು ಗೊತ್ತಿರುವುದರಿಂದಲೇ ನೀವು ಪರದೆಯ ಮೇಲೆ ಮಾಡಿದ್ದು ಹಾಳೆಯ ಮೇಲೂ ಹಾಗೇ ಬರುತ್ತದೆ. ವೆಬ್‌ನಲ್ಲಿ ಆ ಯಂತ್ರದ ಜಾಗದಲ್ಲಿ ಬ್ರೌಸರ್ ಇದೆ. ಅದು ನಿಮ್ಮ ಫಿಗ್ಮಾ ಫೈಲನ್ನು ಓದುವುದಿಲ್ಲ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಮಾತ್ರ ಓದುತ್ತದೆ. ಅಕ್ಷರದ ಗಾತ್ರ, ಸಾಲಿನ ಅಂತರ, ಬಣ್ಣ, ಅಂಚು, ಮೊಬೈಲಿನಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂಬುದೆಲ್ಲ ಕೊನೆಗೆ ನಿರ್ಧಾರವಾಗುವುದು ಅಲ್ಲಿ.

ಕನ್ನಡದ ಕೆಲಸ ಮಾಡುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಇಂಗ್ಲಿಷ್ ಪುಟವಾದರೆ ಸಿದ್ಧ ಟೆಂಪ್ಲೇಟುಗಳ ಅಳತೆಗಳು ಹೇಗೋ ಹೊಂದಿಕೊಳ್ಳುತ್ತವೆ, ಏಕೆಂದರೆ ಆ ಅಳತೆಗಳು ಹುಟ್ಟಿದ್ದೇ ರೋಮನ್ ಅಕ್ಷರಕ್ಕಾಗಿ. ಕನ್ನಡದಲ್ಲಿ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಕಟ್ಟುವ ಡೆವಲಪರ್‌ಗೆ ಕನ್ನಡ ಓದಲು ಬರದಿದ್ದರೆ ಒತ್ತು ತುಂಡಾಗಿದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಂಡವರಿಗೆ ತಿದ್ದಲು ಬರಬೇಕು. ಆ ಕಣ್ಣು ನಿಮಗಿದೆ. ತಿದ್ದುವ ಕೈ ಬೇಕಾಗಿದೆ.

ನೀವು ಹೇಳಿದ ಬಟನ್ನನ್ನೇ ಹತ್ತಿರದಿಂದ ನೋಡೋಣ. ಬಹುಶಃ ಅಲ್ಲಿ ಆಗಿರುವುದು ಇಷ್ಟು: ಬಟನ್‌ಗೆ ರೋಮನ್ ಅಕ್ಷರಕ್ಕಷ್ಟೇ ಸಾಲುವ ಖಚಿತ ಎತ್ತರ ಕೊಟ್ಟಿದ್ದಾರೆ, ಲೈನ್-ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬ ಅಳತೆ) 1 ಇಟ್ಟಿದ್ದಾರೆ, ಹೊರಗೆ ಚೆಲ್ಲಿದ್ದನ್ನು ಮರೆಮಾಡುವ 'ಓವರ್‌ಫ್ಲೋ ಹಿಡನ್' ಹಾಕಿದ್ದಾರೆ. ನಾಲ್ಕೈದು ರೋಮನ್ ಅಕ್ಷರದ ಪದ ಅಲ್ಲಿ ಆರಾಮಾಗಿ ಕೂರುತ್ತದೆ. 'ಅರ್ಜಿ ಸಲ್ಲಿಸಿ' ಎಂದಾಗ ಅಗಲವೂ ಬೇಕು, ಲ್ಲಿಯ ಒತ್ತಿಗೆ ಕೆಳಗೆ ಜಾಗವೂ ಬೇಕು. ಮೊಬೈಲಿನಲ್ಲಿ ಅದು ಎರಡು ಸಾಲಾದರೆ ಎರಡನೇ ಸಾಲು ಮಾಯ. ಸರಿಯಾದ ದಾರಿ ಎಂದರೆ ಎತ್ತರವನ್ನು ಕೊಡದೆ, ಒಳಗಿನ ಅಂಚನ್ನು, ಅಂದರೆ ಪ್ಯಾಡಿಂಗನ್ನು, ಕೊಡುವುದು. ಅಕ್ಷರ 16 ಪಿಕ್ಸೆಲ್, ಲೈನ್-ಹೈಟ್ 1.5 ಎಂದರೆ ಸಾಲಿನ ಎತ್ತರ 24 ಆಯಿತು. ಮೇಲೆ 12, ಕೆಳಗೆ 12 ಪ್ಯಾಡಿಂಗ್ ಸೇರಿದರೆ 48. ಆಂಡ್ರಾಯ್ಡ್ ಮಾರ್ಗಸೂಚಿ ಬೆರಳಿಗೆ ಹೇಳುವ ಕನಿಷ್ಠ ಎತ್ತರವೂ ಅದೇ 48. ಪದ ಎರಡು ಸಾಲಾದರೆ ಬಟನ್ ತಾನಾಗಿ 72ಕ್ಕೆ ಬೆಳೆಯುತ್ತದೆ, ಏನೂ ಕತ್ತರಿಸುವುದಿಲ್ಲ. ಇದಕ್ಕೆ ಬೇಕಾದ ಕೋಡ್ ಮೂರು ಸಾಲು. ಆದರೆ ಆ ಮೂರು ಸಾಲು ಯಾವುವು ಎಂದು ಗೊತ್ತಿಲ್ಲದಿದ್ದರೆ ಡೆವಲಪರ್‌ಗೆ 'ಸರಿ ಕಾಣ್ತಿಲ್ಲ, ಸ್ವಲ್ಪ ನೋಡಿ' ಅನ್ನುವುದಷ್ಟೇ ಉಳಿಯುತ್ತದೆ. ಅದಕ್ಕೆ ಅವರು ಏನು ತಾನೇ ಮಾಡಿಯಾರು?

ಶೀರ್ಷಿಕೆಗಳಲ್ಲಿ ಇದೇ ತಪ್ಪು ದೊಡ್ಡದಾಗಿ ಕಾಣುತ್ತದೆ. 32 ಪಿಕ್ಸೆಲ್ ಶೀರ್ಷಿಕೆಗೆ ಟೆಂಪ್ಲೇಟುಗಳು ಸಾಮಾನ್ಯವಾಗಿ ಇಡುವ ಲೈನ್-ಹೈಟ್ 1.1, ಅಂದರೆ ಸಾಲಿಗೆ ಸುಮಾರು 35 ಪಿಕ್ಸೆಲ್. ಅಲ್ಲಿ 'ರಾಷ್ಟ್ರೀಯ ಶಾಸ್ತ್ರೀಯ ಸಂಗೀತೋತ್ಸವ' ಎಂದು ಎರಡು ಸಾಲಿನಲ್ಲಿ ಬರೆದು ನೋಡಿ. ಷ್ಟ್ರೀಯ ಎರಡು ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ. ಕನ್ನಡ ಶೀರ್ಷಿಕೆಗೆ 1.35ರಿಂದ 1.45, ಓದುವ ಪಠ್ಯಕ್ಕೆ 1.6ರಿಂದ 1.75 ಇಡಿ. ಶೀರ್ಷಿಕೆಯ ಅಕ್ಷರಗಳನ್ನು ಹತ್ತಿರ ತರಲು ಟೆಂಪ್ಲೇಟುಗಳು ಲೆಟರ್-ಸ್ಪೇಸಿಂಗನ್ನು ಸೊನ್ನೆಗಿಂತ ಕಡಿಮೆ ಇಟ್ಟಿರುತ್ತವೆ. ಕನ್ನಡದಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಅದನ್ನು ಸೊನ್ನೆಗೆ ತನ್ನಿ. ಹೆಚ್ಚು ಮಾಡಲೂ ಹೋಗಬೇಡಿ, ಪದ ಬಿಡಿಬಿಡಿಯಾಗಿ ಓದಿನ ಓಟ ತಪ್ಪುತ್ತದೆ.

ಇನ್ನೊಂದು ಈಚೆಗೆ ಹೆಚ್ಚಾಗಿ ಕಾಣುವ ತೊಂದರೆ: ಶೀರ್ಷಿಕೆಗೆ ಎರಡು ಬಣ್ಣ ಕರಗಿಸಿದಂಥ ಗ್ರೇಡಿಯಂಟ್. ಸಿಎಸ್‌ಎಸ್‌ನಲ್ಲಿ ಇದನ್ನು ಮಾಡುವುದು ಹಿನ್ನೆಲೆಯ ಬಣ್ಣವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ. ಹಿನ್ನೆಲೆ ಇರುವುದು ಪೆಟ್ಟಿಗೆಯ ಒಳಗೆ ಮಾತ್ರ. ಲೈನ್-ಹೈಟ್ ಕಡಿಮೆ ಇದ್ದರೆ ಕೊನೆಯ ಸಾಲಿನ ಒತ್ತು ಪೆಟ್ಟಿಗೆಯಿಂದ ಹೊರಗೆ ಇಳಿದಿರುತ್ತದೆ, ಅಲ್ಲಿ ಬಣ್ಣವೇ ಇಲ್ಲ, ಹಾಗಾಗಿ ಒತ್ತು ಅರ್ಧಕ್ಕೆ ಅಳಿಸಿದಂತೆ ಕಾಣುತ್ತದೆ. ಫಾಂಟ್ ಕೆಟ್ಟಿದೆ ಎಂದು ಫಾಂಟ್ ಬದಲಿಸುತ್ತಾ ಕೂರುವವರು ಬಹಳ. ಫಾಂಟ್ ಸರಿಯಾಗಿಯೇ ಇರುತ್ತದೆ. ಲೈನ್-ಹೈಟ್ ಏರಿಸಿ, ಕೆಳಗೆ ಸ್ವಲ್ಪ ಪ್ಯಾಡಿಂಗ್ ಕೊಟ್ಟರೆ ಒತ್ತು ಮರಳಿ ಬರುತ್ತದೆ.

ಫಾಂಟ್ ವಿಚಾರ ಬಂದಿದ್ದರಿಂದ ಅಲ್ಲೇ ಸ್ವಲ್ಪ ನಿಲ್ಲೋಣ, ಮುದ್ರಣದಿಂದ ಬಂದವರು ಹೆಚ್ಚು ಎಡವುವುದು ಇಲ್ಲೇ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ನಿಜವಾಗಿ ಕನ್ನಡವಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರದಂತೆ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಗೂಗಲ್‌ಗೆ ಅದು ಸಿಗುವುದಿಲ್ಲ, ಅಂಧರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಗೊತ್ತಾಗುವುದಿಲ್ಲ. ವೆಬ್‌ಗೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯೂನಿಕೋಡ್ ಮಾತ್ರ. ಹಳೆಯ ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು, ಆದರೆ ಹೊರಬಂದದ್ದನ್ನು ಪ್ರೂಫ್ ನೋಡದೆ ಬಳಸಬೇಡಿ. ಮೊದಲು ಅರ್ಕಾವತ್ತನ್ನು ನೋಡಿ. 'ಸೂರ್ಯ' ಎನ್ನುವಲ್ಲಿ ಅದು ಕಣ್ಣಿಗೆ ಯಕಾರದ ನಂತರ ಕಾಣುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಕೂರುತ್ತದೆ. ಈ ಹಿಂದುಮುಂದಿನಲ್ಲಿ ಪರಿವರ್ತಕ ತಪ್ಪುವ ಸಾಧ್ಯತೆ ಹೆಚ್ಚು.

ಎರಡನೆಯದು ಪದದ ನಡುವಿನ ಅರ್ಧಾಕ್ಷರ. 'ರಾಜ್‌ಕುಮಾರ್' ಎಂದು ಬರಬೇಕಾದಲ್ಲಿ 'ರಾಜ್ಕುಮಾರ್' ಎಂದು ಬಂದಿದ್ದರೆ ಎರಡು ಅಕ್ಷರಗಳನ್ನು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಬಿದ್ದುಹೋಗಿದೆ ಎಂದರ್ಥ. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯಿನರ್. 'ಸಾಫ್ಟ್‌ವೇರ್', 'ವೆಬ್‌ಸೈಟ್' ಥರದ ಪದಗಳಲ್ಲೂ ಅದೇ ಕತೆ. ಪಠ್ಯವನ್ನು ಅಲ್ಲಿಂದಿಲ್ಲಿಗೆ ಕಾಪಿ ಮಾಡುವಾಗ ಅದು ಸುಲಭವಾಗಿ ಕಳೆದುಹೋಗುತ್ತದೆ. ಎಚ್‌ಟಿಎಂಎಲ್‌ನಲ್ಲಿ ಅದನ್ನು ಕೈಯಿಂದಲೇ ಬರೆಯಲು ಒಂದು ಸಂಕೇತವಿದೆ. ಗಿರಾಕಿಯ ಹೆಸರೇ ಹಾಗೆ ತಪ್ಪಾಗಿ ಬಂದಾಗ ಆ ಸಂಕೇತ ಗೊತ್ತಿದ್ದವರು ಒಂದು ನಿಮಿಷದಲ್ಲಿ ಸರಿಮಾಡುತ್ತಾರೆ.

ನಿಮ್ಮ ಪುಟದಲ್ಲಿ ಫಾಂಟೇ ಬದಲಾಗಿದ್ದಕ್ಕೆ ಕಾರಣ ಬಹುತೇಕ ಇದು: ಡೆವಲಪರ್ ಹಾಕಿದ ಫಾಂಟಿನಲ್ಲಿ ಕನ್ನಡವೇ ಇಲ್ಲ. ಉದಾಹರಣೆಗೆ ಪಾಪಿನ್ಸ್‌ನಲ್ಲಿ ರೋಮನ್ ಮತ್ತು ದೇವನಾಗರಿ ಇವೆ, ಕನ್ನಡ ಇಲ್ಲ. ಆಗ ಬ್ರೌಸರ್ ಆ ಸಾಧನದಲ್ಲಿ ಇರುವ ಯಾವುದೋ ಕನ್ನಡ ಫಾಂಟನ್ನು ಎತ್ತಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಅದು ನಿರ್ಮಲಾ ಯುಐ ಅಥವಾ ಹಳೆಯ ತುಂಗಾ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಅಥವಾ ಬೇರೊಂದು. ಒಂದೇ ಪುಟ ಮೂರು ಕಡೆ ಮೂರು ಥರ. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಉಚಿತವಾಗಿ ಸಿಗುವ ಒಳ್ಳೆಯ ಫಾಂಟುಗಳಿವೆ. ಓದುವ ಪಠ್ಯಕ್ಕೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ. ದಪ್ಪದ ಜೊತೆಗೆ ಅಗಲವನ್ನೂ ಬದಲಿಸಬೇಕಾದಲ್ಲಿ ಅನೇಕ್ ಕನ್ನಡ. ಸಾಹಿತ್ಯದ ಪುಟಕ್ಕೆ ತಿರೊ ಕನ್ನಡ. ಗಟ್ಟಿ ಶೀರ್ಷಿಕೆಗೆ ಬಾಲೂ ತಮ್ಮ.

ಒಂದೇ ದಪ್ಪದಲ್ಲಿ ಸಿಗುವ ಫಾಂಟಿಗೆ ಬೋಲ್ಡ್ ಕೇಳಬೇಡಿ. ತಿರೊ ಕನ್ನಡ, ಅಕಾಯ ಕನ್ನಡಕ ಅಂಥವು. ಬೋಲ್ಡ್ ಇಲ್ಲದಿದ್ದರೆ ಬ್ರೌಸರ್ ಸುಮ್ಮನಿರುವುದಿಲ್ಲ, ಇರುವ ಅಕ್ಷರವನ್ನೇ ಉಬ್ಬಿಸಿ ಹುಸಿ ಬೋಲ್ಡ್ ಮಾಡುತ್ತದೆ. ಕನ್ನಡ ಅಕ್ಷರಗಳ ಒಳಗಿನ ಸಣ್ಣ ಸಣ್ಣ ಖಾಲಿ ಜಾಗಗಳು ಮುಚ್ಚಿಕೊಂಡು ಒತ್ತುಗಳು ಮಸಿ ಚೆಲ್ಲಿದಂತೆ ಕಾಣುತ್ತವೆ. ಇಟಾಲಿಕ್‌ನದ್ದೂ ಹೀಗೇ. ಬಹುಪಾಲು ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ಇಲ್ಲ, ಬ್ರೌಸರ್ ನೇರ ಅಕ್ಷರವನ್ನು ಓರೆಯಾಗಿ ಬಗ್ಗಿಸುತ್ತದೆ. ಒತ್ತಿ ಹೇಳಬೇಕಾದ ಕಡೆ ಬಣ್ಣವನ್ನೋ ದಪ್ಪವನ್ನೋ ಬಳಸಿ.

ಫಾಂಟ್ ಫೈಲಿನ ತೂಕದ ಬಗ್ಗೆಯೂ ಎಚ್ಚರ ಬೇಕು. ಗುಣಿತ, ಒತ್ತು ಎಲ್ಲ ಸೇರಿ ಕನ್ನಡ ಫಾಂಟಿನಲ್ಲಿ ನೂರಾರು ಆಕಾರಗಳಿರುತ್ತವೆ. ಒಂದು ಪುಟಕ್ಕೆ ಎರಡು ದಪ್ಪ ಸಾಕು, 400 (ಸಾಧಾರಣ) ಮತ್ತು 700 (ಬೋಲ್ಡ್). ವೆಬ್‌ಗಾಗಿ ಕುಗ್ಗಿಸಿದ ವೊಫ್2 ರೂಪದಲ್ಲಿ ಕೊಡಿ. ಫಾಂಟ್ ಇಳಿದು ಬರುವ ತನಕ ಸಾಧನದ ಫಾಂಟಿನಲ್ಲಿ ಪಠ್ಯ ತೋರಿಸುವ 'ಫಾಂಟ್-ಡಿಸ್‌ಪ್ಲೇ ಸ್ವಾಪ್' ಹಾಕಿಸಿ. ಇಲ್ಲದಿದ್ದರೆ ಸಿಗ್ನಲ್ ಕಡಿಮೆ ಇರುವ ಊರಿನಲ್ಲಿ ಪುಟ ತೆರೆದವರಿಗೆ ಮೊದಲ ಕೆಲವು ಸೆಕೆಂಡು ಅಕ್ಷರವೇ ಕಾಣುವುದಿಲ್ಲ.

ಗಾತ್ರಕ್ಕೆ ಬಂದರೆ, ಕನ್ನಡ ಪಠ್ಯವನ್ನು 17 ಅಥವಾ 18 ಪಿಕ್ಸೆಲ್‌ಗಿಂತ ಕಡಿಮೆ ಇಡಬೇಡಿ. ಬ ಮತ್ತು ಭ, ದ ಮತ್ತು ಧ, ಪ ಮತ್ತು ಫ ನಡುವಿನ ವ್ಯತ್ಯಾಸ ಒಂದು ಪುಟ್ಟ ಗೀಟು. ಚಿತ್ರದ ಅಡಿಬರಹವನ್ನು 12 ಪಿಕ್ಸೆಲ್‌ಗೆ ಇಳಿಸಿದರೆ ಆ ಗೀಟೇ ಕರಗಿಹೋಗುತ್ತದೆ. ಸಾಲಿನ ಉದ್ದ ಎಂಟು-ಹತ್ತು ಪದ ಇದ್ದರೆ ಓದಲು ಹಿತ. 18 ಪಿಕ್ಸೆಲ್ ಅಕ್ಷರಕ್ಕೆ 640ರಿಂದ 680 ಪಿಕ್ಸೆಲ್ ಅಗಲ. ಇಂಗ್ಲಿಷ್ ಪಾಠಗಳಲ್ಲಿ 'ಸಾಲಿಗೆ 65 ಸಿಎಚ್ ಇಡಿ' ಎಂದಿರುತ್ತದೆ. ಆ ಸಿಎಚ್ ಅಳತೆ ಸೊನ್ನೆ ಅಂಕಿಯ ಅಗಲದ ಮೇಲೆ ನಿಂತಿದೆ, ಕನ್ನಡಕ್ಕೆ ಅದರ ಲೆಕ್ಕ ಸರಿಹೋಗುವುದಿಲ್ಲ. ಇನ್ನು ಪತ್ರಿಕೆಯ ಕಾಲಮ್ಮಿನಂತೆ ಎರಡೂ ಅಂಚು ಸಮ ಮಾಡುವ ಅಭ್ಯಾಸವನ್ನು ಮೊಬೈಲ್‌ಗೆ ತರಬೇಡಿ. ನಮ್ಮ ಪದಗಳು ಉದ್ದ. 360 ಪಿಕ್ಸೆಲ್ ಅಗಲದಲ್ಲಿ ಸಾಲಿಗೆ ಮೂರು ಪದ ಕೂತು ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಹೊಂದಿಸಿ ಬಿಡಿ. 'ಅಭಿವೃದ್ಧಿಪಡಿಸಲಾಗುತ್ತಿದೆ' ಥರದ ಪದ ಚಿಕ್ಕ ಪೆಟ್ಟಿಗೆಯಿಂದ ಹೊರಗೆ ಚಾಚದಂತೆ 'ಓವರ್‌ಫ್ಲೋ-ರ್‍ಯಾಪ್' ಎಂಬ ಸೂಚನೆ ಸೇರಿಸಿ. ತಾನಾಗಿ ಹೈಫನ್ ಹಾಕುವ ವ್ಯವಸ್ಥೆಯನ್ನು ನಂಬಿ ಕೂರಬೇಡಿ, ಅದು ಎಲ್ಲ ಬ್ರೌಸರ್‌ಗಳಲ್ಲೂ ಕನ್ನಡಕ್ಕೆ ಸಮನಾಗಿ ಕೆಲಸ ಮಾಡುವುದಿಲ್ಲ.

ಲೇಖನದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು ನಿಮಗೆ ಇಷ್ಟವಿರಬಹುದು. ಸಿಎಸ್‌ಎಸ್‌ನಲ್ಲಿ ಅದಕ್ಕೆ 'ಫಸ್ಟ್-ಲೆಟರ್' ಇದೆ. 'ಸ್ವಾತಂತ್ರ್ಯ' ಎಂಬ ಪದದಿಂದ ಲೇಖನ ಶುರುವಾದರೆ ಮಾತ್ರ ಸಮಸ್ಯೆ. ಬ್ರೌಸರ್ ಸಕಾರವನ್ನು ಒಂದು ಅಕ್ಷರ, ವಾ ಇನ್ನೊಂದು ಅಕ್ಷರ ಎಂದು ಎಣಿಸಿ ಒತ್ತಕ್ಷರವನ್ನೇ ಒಡೆಯಬಹುದು. ಆ 'ಸ್ವಾ' ಅಷ್ಟನ್ನೂ ಕೈಯಿಂದ ಒಂದು 'ಸ್ಪ್ಯಾನ್' ಟ್ಯಾಗಿನೊಳಗೆ (ಟ್ಯಾಗ್ ಎಂದರೆ ಎಚ್‌ಟಿಎಂಎಲ್‌ನಲ್ಲಿ ಪಠ್ಯದ ಭಾಗವನ್ನು ಗುರುತಿಸುವ ಚಿಹ್ನೆ) ಇಟ್ಟು ಅದಕ್ಕೇ ಗಾತ್ರ ಕೊಡಿ.

ಬಣ್ಣಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ: ಓದುವ ಪಠ್ಯಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ), ದೊಡ್ಡ ಶೀರ್ಷಿಕೆಗೆ 3:1. ಬಿಳಿಯ ಮೇಲಿನ ಬೂದು (ಕೆಂಪು, ಹಸಿರು, ನೀಲಿ ಮೂರೂ) 118ಕ್ಕಿಂತ ತಿಳಿಯಾದರೆ ಆ 4.5:1 ಮುಟ್ಟುವುದಿಲ್ಲ. ರಾಜ್ಯೋತ್ಸವದ ಪುಟಗಳಲ್ಲಿ ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಅಕ್ಷರ ಹಾಕುತ್ತೇವಲ್ಲ, ಅದರ ಕಾಂಟ್ರಾಸ್ಟ್ ಸುಮಾರು 3.7:1. ಫ್ಲೆಕ್ಸಿನ ದೊಡ್ಡ ಅಕ್ಷರಕ್ಕೆ ಅದು ಸಾಕು, ಮೊಬೈಲಿನ ಸಣ್ಣ ಪಠ್ಯಕ್ಕೆ ಸಾಲದು. ಕೆಂಪನ್ನು 255ರಿಂದ 192ಕ್ಕೆ ಇಳಿಸಿ, ಹಸಿರು ಮತ್ತು ನೀಲಿಯನ್ನು ಸೊನ್ನೆಯಲ್ಲೇ ಬಿಡಿ. ಕಾಂಟ್ರಾಸ್ಟ್ 6:1ರ ಆಸುಪಾಸು ಬರುತ್ತದೆ, ಬಾವುಟದ ಭಾವವೂ ಉಳಿಯುತ್ತದೆ.

ಚಿತ್ರಗಳಲ್ಲಿ ಎರಡು ಹಳೆಯ ಅಭ್ಯಾಸ ಬಿಡಬೇಕು. ಮುದ್ರಣದ ನಾಲ್ಕು ಬಣ್ಣದ ಸಿಎಂವೈಕೆ ಜೆಪೆಗನ್ನು ಹಾಗೇ ಏರಿಸಿದರೆ ಬಣ್ಣ ಕೆಡುತ್ತದೆ, ಪರದೆಯ ಬಣ್ಣ ವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಬದಲಿಸಿ. 300 ಡಿಪಿಐ ಎಂಬ ಮಾತಿಗೆ ಪರದೆಯಲ್ಲಿ ಅರ್ಥವಿಲ್ಲ, ಲೆಕ್ಕಕ್ಕೆ ಬರುವುದು ಪಿಕ್ಸೆಲ್ ಸಂಖ್ಯೆ. 360 ಅಗಲದ, ಮೂರು ಪಟ್ಟು ಸಾಂದ್ರತೆಯ ಫೋನ್‌ಗೆ 1080 ಪಿಕ್ಸೆಲ್ ಅಗಲದ ಚಿತ್ರ ಸಾಕು. ಅದನ್ನು ತೂಕ ಕಡಿಮೆ ಇರುವ ವೆಬ್‌ಪಿ ರೂಪಕ್ಕೆ ತನ್ನಿ. ಲೋಗೋ ಇದ್ದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ರೂಪ. ಪೋಸ್ಟರಿನಂತೆ ಪಠ್ಯವನ್ನೆಲ್ಲ ಚಿತ್ರದೊಳಗೇ ಇಟ್ಟು ಪುಟಕ್ಕೆ ಅಂಟಿಸುವುದನ್ನು ದಯವಿಟ್ಟು ಮಾಡಬೇಡಿ. ಕಾರ್ಯಕ್ರಮದ ದಿನಾಂಕ ಬದಲಾದರೆ ಇಡೀ ಚಿತ್ರ ಮತ್ತೆ ಮಾಡಬೇಕು, ಕಣ್ಣು ಕಾಣದವರಿಗೆ ಅಲ್ಲಿ ಏನೂ ಇಲ್ಲ, ಮೊಬೈಲಿನಲ್ಲಿ ಅಕ್ಷರ ಸಾಸಿವೆಯಷ್ಟಾಗುತ್ತದೆ.

ಈಗ ಕಲಿಕೆಯ ದಾರಿ. ಉಪಕರಣಕ್ಕೆ ಖರ್ಚಿಲ್ಲ: ಕೋಡ್ ಬರೆಯಲು ವಿಎಸ್ ಕೋಡ್ ಎಂಬ ಉಚಿತ ತಂತ್ರಾಂಶ, ಕ್ರೋಮ್ ಅಥವಾ ಫೈರ್‌ಫಾಕ್ಸ್, ಮತ್ತು ಒಂದು ಸಾಧಾರಣ ಆಂಡ್ರಾಯ್ಡ್ ಫೋನ್. ಮೊದಲ ಎರಡು ವಾರ ಎಚ್‌ಟಿಎಂಎಲ್. ಟ್ಯಾಗುಗಳು ನೂರಕ್ಕೂ ಹೆಚ್ಚಿವೆ, ನಿಮಗೆ ಇಪ್ಪತ್ತು ಇಪ್ಪತ್ತೈದು ಸಾಕು: ಶೀರ್ಷಿಕೆ, ಪ್ಯಾರಾ, ಪಟ್ಟಿ, ಕೊಂಡಿ, ಚಿತ್ರ, ಬಟನ್, ಫಾರಂ, ಪುಟದ ಭಾಗಗಳು. ಶೀರ್ಷಿಕೆಯ ಟ್ಯಾಗನ್ನು ಗಾತ್ರಕ್ಕಾಗಿ ಆರಿಸಬೇಡಿ, ಅದು ಪುಸ್ತಕದ ಅಧ್ಯಾಯ, ಉಪಅಧ್ಯಾಯ ಇದ್ದಂತೆ. ಗಾತ್ರ ಸಿಎಸ್‌ಎಸ್‌ನ ಕೆಲಸ. ಪುಟದ ಭಾಷೆ ಕನ್ನಡ ಎಂದು ಮೊದಲ ಟ್ಯಾಗಿನಲ್ಲೇ ಘೋಷಿಸುವುದನ್ನು ರೂಢಿ ಮಾಡಿಕೊಳ್ಳಿ. ಟೆಂಪ್ಲೇಟುಗಳಲ್ಲಿ ಅಲ್ಲಿ ಇಂಗ್ಲಿಷ್ ಎಂದೇ ಇರುತ್ತದೆ. ಹಾಗೇ ಬಿಟ್ಟರೆ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತೊದಲುತ್ತದೆ.

ಮುಂದಿನ ಮೂರು ವಾರ ಸಿಎಸ್‌ಎಸ್‌ನ ಪೆಟ್ಟಿಗೆ ಲೆಕ್ಕ ಮತ್ತು ಅಕ್ಷರ ಜೋಡಣೆ. ಒಂದು ವಸ್ತುವಿನ ಒಳಗೆ ಪಠ್ಯ, ಅದರ ಸುತ್ತ ಪ್ಯಾಡಿಂಗ್, ಆಮೇಲೆ ಗೆರೆ, ಹೊರಗೆ ಮಾರ್ಜಿನ್. ಇದು ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಆರರಿಂದ ಎಂಟನೇ ವಾರ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಮತ್ತು ಅಡ್ಡ-ಉದ್ದ ಮನೆಗಳಲ್ಲಿ ಜೋಡಿಸುವ ಗ್ರಿಡ್. ಪತ್ರಿಕೆಯ ಕಾಲಮ್ ಹಾಕಿದ ಕೈಗೆ ಗ್ರಿಡ್ ಬೇಗ ಒಲಿಯುತ್ತದೆ. ಆಮೇಲಿನ ಎರಡು ವಾರ ಮೀಡಿಯಾ ಕ್ವೆರಿ, ಅಂದರೆ ಪರದೆಯ ಅಗಲಕ್ಕೆ ತಕ್ಕಂತೆ ಜೋಡಣೆ ಬದಲಿಸುವುದು. ಇಲ್ಲಿ ಮೊಬೈಲಿನಿಂದ ಶುರುಮಾಡಿ ದೊಡ್ಡ ಪರದೆಗೆ ಹೋಗಿ, ಹಿಂದುಮುಂದಾದರೆ ಕೋಡ್ ಗೋಜಲಾಗುತ್ತದೆ. ಕೊನೆಯ ಎರಡು ವಾರ ಒಂದು ಪೂರ್ತಿ ಪುಟ ಕಟ್ಟಿ, ಗಿಟ್‌ಹಬ್ ಪೇಜಸ್ ಅಥವಾ ನೆಟ್ಲಿಫೈನ ಉಚಿತ ಜಾಗದಲ್ಲಿ ಏರಿಸಿ. ಅನುಮಾನ ಬಂದಾಗ ನೋಡಲು ಮೊಜಿಲ್ಲಾದ ಎಂಡಿಎನ್ ಎಂಬ ಆಕರ ತಾಣ ಇದೆ. ಇಂಗ್ಲಿಷ್‌ನಲ್ಲಿದೆ, ಆದರೆ ಉದಾಹರಣೆಗಳು ಸ್ಪಷ್ಟವಾಗಿವೆ. ವಿಡಿಯೋ ನೋಡುತ್ತಾ ಹೋದರೆ ಎಲ್ಲ ಅರ್ಥವಾದಂತೆ ಅನಿಸುತ್ತದೆ, ಕೈ ಓಡುವುದಿಲ್ಲ. ಹತ್ತು ನಿಮಿಷ ನೋಡಿದರೆ ಐವತ್ತು ನಿಮಿಷ ಬರೆಯಿರಿ.

ಮುದ್ರಣದಿಂದ ಬಂದವರು ಮಾಡುವ ಒಂದು ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಕೋರೆಲ್‌ನಲ್ಲಿ ಪ್ರತಿ ವಸ್ತುವನ್ನೂ ಎಡದಿಂದ ಇಷ್ಟು, ಮೇಲಿಂದ ಇಷ್ಟು ಎಂದು ಕೂರಿಸುತ್ತೀರಿ. ಸಿಎಸ್‌ಎಸ್‌ನಲ್ಲಿ 'ಪೊಸಿಷನ್ ಆಬ್ಸಲ್ಯೂಟ್' ಎಂಬುದು ಸಿಕ್ಕ ತಕ್ಷಣ ಅದೇ ಕೆಲಸ ಮಾಡಬಹುದು ಎಂದು ಖುಷಿಯಾಗುತ್ತದೆ. ನಿಮ್ಮ ಪರದೆಯಲ್ಲಿ ಪುಟ ಥೇಟ್ ಬಂದೂ ಬರುತ್ತದೆ. ಫೋನ್‌ನಲ್ಲಿ ತೆರೆದರೆ ಪಠ್ಯದ ಮೇಲೆ ಚಿತ್ರ, ಚಿತ್ರದ ಮೇಲೆ ಬಟನ್. ಹಾಳೆಗೆ ಅಳತೆ ಇದೆ, ಪರದೆಗೆ ಇಲ್ಲ. ಯಾವುದು ಎಲ್ಲಿ ಎಂದು ಹೇಳುವ ಬದಲು ಯಾವುದರ ನಂತರ ಯಾವುದು, ನಡುವೆ ಎಷ್ಟು ಜಾಗ, ಜಾಗ ಸಾಲದಾದಾಗ ಏನಾಗಬೇಕು ಎಂದು ಹೇಳುವುದನ್ನು ಕಲಿಯಬೇಕು. ಡಿಸೈನರ್‌ಗೆ ಕೋಡಿಂಗ್ ಕಲಿಸುವ ಅತಿ ದೊಡ್ಡ ಪಾಠ ನನ್ನ ಮಟ್ಟಿಗೆ ಇದೇ. ಇದನ್ನು ಕಲಿತವರ ಫಿಗ್ಮಾ ಫೈಲುಗಳೂ ಬೇರೆಯಾಗುತ್ತವೆ. ಖಾಲಿ ಸ್ಥಿತಿ ಹೇಗೆ, ಹೆಸರು ಮೂರು ಸಾಲಾದರೆ ಹೇಗೆ ಎಂದು ಮೊದಲೇ ಯೋಚಿಸಿರುತ್ತಾರೆ.

ಪುಟ ಕಟ್ಟಿದ ಮೇಲೆ 320, 360, 768, 1280 ಪಿಕ್ಸೆಲ್ ಅಗಲಗಳಲ್ಲಿ ನೋಡಿ. ಬ್ರೌಸರಿನಲ್ಲಿ ಎಫ್12 ಒತ್ತಿದರೆ ಈ ಸೌಕರ್ಯ ಸಿಗುತ್ತದೆ. ಆಮೇಲೆ ಅಕ್ಷರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ಏನಾದರೂ ಕತ್ತರಿಸುತ್ತದೆಯೇ ನೋಡಿ. ವಯಸ್ಸಾದವರು ಫೋನ್ ಬಳಸುವುದೇ ಹಾಗೆ. ಕೊನೆಗೆ ನಿಜವಾದ ಫೋನ್‌ನಲ್ಲಿ, ಬಿಸಿಲಿನಲ್ಲಿ ನಿಂತು ಒಮ್ಮೆ.

ಪುಟಕ್ಕೆ ಚಟುವಟಿಕೆ ತುಂಬುವ ಭಾಷೆಯಾದ ಜಾವಾಸ್ಕ್ರಿಪ್ಟ್ ಎಷ್ಟು? ಮೆನು ತೆರೆದು ಮುಚ್ಚುವಷ್ಟು, ಫಾರಂನಲ್ಲಿ ಖಾಲಿ ಬಿಟ್ಟ ಜಾಗ ತೋರಿಸುವಷ್ಟು. ರಿಯಾಕ್ಟ್, ನೋಡ್, ಡೇಟಾಬೇಸ್ ಬೇರೆಯೇ ವೃತ್ತಿ. ಲಾಗಿನ್, ಹಣ ಪಾವತಿ, ಜನರ ಮಾಹಿತಿ ಕಾಪಾಡುವುದು ಅಲ್ಲಿನ ಕೆಲಸ. ಅರ್ಧಂಬರ್ಧ ಕಲಿತು ಕೈಹಾಕಿದರೆ ಗಿರಾಕಿಗೆ ನಷ್ಟವಾಗುತ್ತದೆ. ಎಂಟು ವರ್ಷ ಬಣ್ಣ, ಅಕ್ಷರ, ಜಾಗಗಳ ಮೇಲೆ ಪಳಗಿದ ನಿಮ್ಮ ಕಣ್ಣು ಆ ಕೋರ್ಸಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮೂರು ತಿಂಗಳ ನಂತರವೂ ತರ್ಕದ ಕೆಲಸವೇ ಹೆಚ್ಚು ಖುಷಿ ಕೊಡುತ್ತಿದ್ದರೆ ಆಗ ಸೇರಿ, ತಡವೇನೂ ಆಗಿರುವುದಿಲ್ಲ.

ಎಐ ಬಗ್ಗೆ ಕೇಳಿದ್ದೀರಿ. ಕೇಳಿದರೆ ಅದು ನಿಮಿಷದಲ್ಲಿ ಪುಟ ಕೊಡುತ್ತದೆ, ನಿಜ. ಆದರೆ ಕೊಡುವುದು ಇಂಗ್ಲಿಷ್ ಪುಟಗಳ ಅಚ್ಚಿನಲ್ಲಿ. ಮೇಲೆ ಹೇಳಿದ ಕಡಿಮೆ ಲೈನ್-ಹೈಟ್, ಋಣ ಲೆಟರ್-ಸ್ಪೇಸಿಂಗ್, ಗ್ರೇಡಿಯಂಟ್ ಶೀರ್ಷಿಕೆ, ಕನ್ನಡವಿಲ್ಲದ ಫಾಂಟ್ ಎಲ್ಲವೂ ಒಟ್ಟಿಗೆ ಬರುವುದುಂಟು. ಓದಲು ಬಂದವರು ಆ ನಾಲ್ಕು ಸಾಲು ತಿದ್ದಿ ಅರ್ಧ ದಿನ ಉಳಿಸಿಕೊಳ್ಳುತ್ತಾರೆ. ಓದಲು ಬಾರದವರು ಮತ್ತೆ ಮತ್ತೆ ಕೇಳುತ್ತಾ, ಒಂದು ಸರಿಯಾಗಿ ಇನ್ನೊಂದು ಕೆಡುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಕಲಿಯುವಾಗ ಅದನ್ನು ಮೇಷ್ಟರಂತೆ ಬಳಸಿ: ಕೋಡ್ ಬರೆದುಕೊಡು ಎನ್ನುವ ಬದಲು, ಈ ಸಾಲು ಏನು ಮಾಡುತ್ತದೆ, ತೆಗೆದರೆ ಏನಾಗುತ್ತದೆ ಎಂದು ಕೇಳಿ. ಆಮೇಲೆ ತೆಗೆದು ನೋಡಿ.

ಗಿರಾಕಿಗಳ ಸಣ್ಣ ಸೈಟುಗಳಿಗೆ ವರ್ಡ್‌ಪ್ರೆಸ್ ಅಥವಾ ಯಾವುದಾದರೂ ಪೇಜ್ ಬಿಲ್ಡರ್ ಸಾಕು. ಅಂಗಡಿ, ಶಾಲೆ, ಕಲ್ಯಾಣಮಂಟಪಗಳಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ, ಅಲ್ಲಿ ಸಿಎಸ್‌ಎಸ್ ಬಲ್ಲವರ ಕೆಲಸ ಎದ್ದು ಕಾಣುತ್ತದೆ. ಡೊಮೇನ್ ಹೆಸರನ್ನು ಗಿರಾಕಿಯ ಹೆಸರಿನಲ್ಲಿ, ಅವರ ಇಮೇಲ್‌ನಲ್ಲೇ ನೋಂದಾಯಿಸಿ. ವರ್ಷ ವರ್ಷ ನವೀಕರಣದ ಖರ್ಚು ಯಾರದು, ಪಠ್ಯ ಬದಲಾವಣೆ ಎಷ್ಟು ಸಲ ಉಚಿತ ಎಂದು ಮೊದಲೇ ಬರೆದುಕೊಡಿ. ಮದುವೆ ಪತ್ರಿಕೆ ಅಚ್ಚಾದ ಮೇಲೆ ಕೆಲಸ ಮುಗಿಯುತ್ತದೆ, ವೆಬ್‌ಸೈಟಿನದು ಏರಿಸಿದ ಮೇಲೆ ಶುರುವಾಗುತ್ತದೆ. ದರ ಹೇಳುವಾಗ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆ ಕೆಟ್ಟುಹೋದ ಕನ್ನಡ ಪುಟ ಇನ್ನೂ ಇದ್ದರೆ ಇವತ್ತೇ ಅದನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಬಟನ್ ಮೇಲೆ ಬಲ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಿ. ಪಕ್ಕದಲ್ಲಿ ಸಿಎಸ್‌ಎಸ್ ಸಾಲುಗಳು ಕಾಣುತ್ತವೆ. ಎತ್ತರದ ('ಹೈಟ್') ಸಾಲಿನ ಮುಂದಿನ ಟಿಕ್ ಗುರುತು ತೆಗೆಯಿರಿ, ಲೈನ್-ಹೈಟನ್ನು 1.5 ಮಾಡಿ, ಪ್ಯಾಡಿಂಗ್ 12 ಮತ್ತು 20 ಎಂದು ಬರೆಯಿರಿ. ಕಣ್ಣೆದುರೇ ಒತ್ತು ಪೂರ್ತಿಯಾಗುತ್ತದೆ. ಇದು ನಿಮ್ಮ ಪರದೆಯಲ್ಲಿ ಮಾತ್ರ ಆದ ಬದಲಾವಣೆ, ಪುಟವನ್ನು ಮತ್ತೆ ಲೋಡ್ ಮಾಡಿದರೆ ಹಳೆಯದೇ ಬರುತ್ತದೆ, ಹಾಗಾಗಿ ಏನೂ ಕೆಡುವ ಭಯವಿಲ್ಲ. ಸ್ಕ್ರೀನ್‌ಶಾಟ್ ತೆಗೆದು, ಆ ಮೂರು ಅಂಕಿಗಳ ಜೊತೆ ಡೆವಲಪರ್‌ಗೆ ಕಳಿಸಿ.